ನೀರು ಬಿದ್ದ ಕಾಳು

ತಾನು ಕೆಲಸಕ್ಕಿದ್ದ ಬೈಲಹೊಂಗಲದ ರಕ್ತ ತಪಾಸಣೆ ಕೇಂದ್ರ ಬಾಗಿಲು ಹಾಕಿಕೊಂಡಾಗ ಸ್ನೇಹಲ್‌ಳ ಕೈಯಲ್ಲಿ ಉಳಿದದ್ದು ಒಂದು ಬಿ.ಎಸ್ಸಿ. ಪದವಿ ಮತ್ತು ಒಂದು ತಪ್ಪಿಗೆ ಸಾಲುವಷ್ಟು ದುಡ್ಡು. ಎರಡನೆಯ ತಪ್ಪಿಗೆ ಮತ್ತೊಬ್ಬರ ಕೈ ನೋಡಬೇಕು. ಹಾಗಾಗಿ ಮುನವಳ್ಳಿಯ ಮನೆಗೆ ಮರಳಿದವಳು ತನಗೆ ತಾನೇ ಒಂದು ನಿಯಮ ಹಾಕಿಕೊಂಡಳು: ಮೊದಲ ದಂಧೆ, ಆರಿಸಿದ್ದು ತಪ್ಪಾಗಿದ್ದರೆ ಬೇಗ ಗೊತ್ತಾಗುವಂಥದ್ದಾಗಿರಬೇಕು.

ಝೆರಾಕ್ಸ್ ಅಂಗಡಿ ಇಡಬಹುದಿತ್ತು. ಆದರೆ ಸವದತ್ತಿಯ ಕಚೇರಿಗಳೆದುರು ಅಂಥವು ಆಗಲೇ ಸಾಲುಗಟ್ಟಿವೆ. ಯಂತ್ರ ಕೊಂಡದ್ದು ತಪ್ಪೆಂದು ತಿಳಿಯುವಷ್ಟರಲ್ಲಿ ವರ್ಷ ಕಳೆದು, ಅದನ್ನು ಅರ್ಧ ಬೆಲೆಗೂ ಕೇಳುವವರಿರುವುದಿಲ್ಲ. ಬಳೆ-ಪೌಡರಿನ ಅಂಗಡಿಯ ಕಥೆಯೂ ಅಷ್ಟೇ. ಮೊಳಕೆಕಾಳು ಹಾಗಲ್ಲ. ನೆನೆಹಾಕಿದ ಎರಡು ದಿನಕ್ಕೆ ಮಾರಬೇಕು, ಕೆಟ್ಟರೆ ಮೂಗಿಗೇ ತಿಳಿಯುತ್ತದೆ, ಹೋದರೆ ಒಂದು ಪಾತೇಲಿ ಕಾಳು ಹೋಗುತ್ತದೆ.

"ಮೊಳಕಿ ಯಾರ ಮನ್ಯಾಗ ಬರೂದಿಲ್ಲ?" ಎಂದು ತಾಯಿ ಕೃಷ್ಣವ್ವ ನಕ್ಕಳು. "ಡಿಗ್ರಿ ಮಾಡಿದ್ದು ಕಾಳ ನೆನಿಹಾಕಾಕೇನ?"

"ಈ ಥಂಡ್ಯಾಗ ನೀನ ಹಾಕಿ ತೋರಸು, ಯವ್ವಾ. ಮೂರು ದಿನಾ ಆದ್ರೂ ಮೂತಿ ತಗ್ಯಾಂಗಿಲ್ಲ."

ಅದು ನಿಜವೇ ಆಗಿತ್ತು. ಡಿಸೆಂಬರ್ ಬಂತೆಂದರೆ ಹೆಸರುಕಾಳಿನ ಜಾತಿಯ ಮಡಕಿಕಾಳು ಮುನಿಸಿಕೊಂಡ ಅಳಿಯನ ಹಾಗೆ ಮುದುರಿ ಕೂತುಬಿಡುತ್ತದೆ. ಸ್ನೇಹಲ್ ಬೇರೆ ಬೇರೆ ಅಂಗಡಿಯ ಕಾಳು ತಂದು, ಹಿಡಿಹಿಡಿಯಷ್ಟನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ, ಯಾವುದು ಹಳೆಯ ಮಾಲು, ಯಾವುದು ಹೊಸದು ಎಂದು ಕಂಡುಕೊಂಡಳು. ನೆನೆದ ಮೇಲೂ ಕಲ್ಲಿನಂತೆ ಉಳಿದು ಹಲ್ಲಿಗೆ ಸಿಗುವ ಗಟ್ಟಿಕಾಳನ್ನು ಕೂತು ಆರಿಸಿದಳು. ಬಟ್ಟೆಗಳನ್ನು ಕುದಿಸಿ ಒಣಗಿಸಿದಳು. ಪಾತೇಲಿಗೆ ಹಳೆಯ ಕೌದಿ ಸುತ್ತಿ, ಶಾಖ ಹೆಚ್ಚಾಗಿ ಹುಳಿವಾಸನೆ ಬರದಂತೆ ಹೊತ್ತುಹೊತ್ತಿಗೆ ಬಿಚ್ಚಿ ಗಾಳಿಯಾಡಿಸಿದಳು. ಬಂದ ಮೊಳಕೆ ಎಳೆಯ ಮಗುವಿನ ಹಲ್ಲಿನಂತೆ ಒಂದೇ ಸಮ, ಬಿಳಿ.

ಅದನ್ನು ಬೊಗಸೆಯಲ್ಲಿ ಹಿಡಿದು ನೋಡಿದ ಸೋದರಮಾವ ಶಟ್ಟೆಪ್ಪ ಹೊಗಳಲಿಲ್ಲ. ಅವನು ಗೌಂಡಿ, ಗೋಡೆ ಕಟ್ಟುವ ಮುಂಚೆ ನೆಲ ಬಡಿದು ನೋಡುವವನು.

"ಒಣಕಾಳ ಮಾರು, ತಂಗಿ. ಒಣಕಾಳ ಯಾರ ಮುಟ್ಟಿದ್ರೂ ನಡೀತೈತಿ. ನೀರ ಬಿತ್ತಂದ್ರ, ಮುಟ್ಟಿದ ಕೈ ಯಾರದು ಅಂತ ಕೇಳತಾರ. ಈ ಊರಾಗಿನ ಅರ್ಧ ಅಡಿಗಿಮನಿ ನಾನ ಕಟ್ಟೇನಿ. ವಾಸ್ತುಶಾಂತಿ ಆದ ಮ್ಯಾಲ ಒಂದರಾಗೂ ಕಾಲಿಟ್ಟಿಲ್ಲ."

"ಒಣಕಾಳ ಎಲ್ಲಾ ಕಿರಾಣಿ ಅಂಗಡ್ಯಾಗ ಐತಿ ಮಾವಾ. ನೀರ ಹಾಕೂದ ನನ್ನ ಕಸಬು. ಅದನ್ನ ಬಿಟ್ರ ಮಾರಾಕ ನನ್ನ ಕಡೆ ಏನೈತಿ?"

ಶಟ್ಟೆಪ್ಪ ಬೊಗಸೆಯ ಕಾಳನ್ನು ಪಾತೇಲಿಗೆ ಸುರಿದ. "ಹಂಗಂದ್ರ ಯರಗಟ್ಟಿ ಸಂತಿಗಿ ಹೋಗು," ಎಂದ. "ಅಲ್ಲಿ ನಿನ್ನ ಗುರ್ತಿನವ್ರಿಲ್ಲ."

ಯರಗಟ್ಟಿಯಲ್ಲಿ ಗುರ್ತಿನವಳು ಒಬ್ಬಳಿದ್ದಳು. ಕಾಲೇಜಿನ ಗೆಳತಿಯ ಅಕ್ಕ ಮಹಾನಂದಾ, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ಧಾರಾಳ ಮನಸ್ಸಿನ ಹೆಂಗಸು. ಮೊಳಕೆಕಾಳು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು.

"ನೀ ಸಂತ್ಯಾಗ ಬಿಸಲಾಗ ಯಾಕ ಕುಂದರತೀ? ಬುಟ್ಟಿ ಬಸ್ಸಿಗಿ ಹಾಕಿ ಕಳಸು. ಯಾರ ಮನಿವು ಅಂದ್ರ ನಮ್ಮನಿವು ಅಂತ ಮಾರತೇನಿ."

ಸ್ನೇಹಲ್ ಒಪ್ಪಿದಳು, ಆದರೆ ಒಪ್ಪಿದ ಕಾರಣ ಬೇರೆ. ಪ್ರಯೋಗಶಾಲೆಯಲ್ಲಿ ಕಲಿತದ್ದು ಅದು: ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮಾಲು ನಡೆಯುತ್ತದೆಯೇ ಎಂಬುದು ಮೊದಲು ಗೊತ್ತಾಗಲಿ.

ನಡೆಯಿತು. ಮೂರು ಸಂತೆಯಲ್ಲೂ ಊಟದ ಹೊತ್ತಿಗೆ ಬುಟ್ಟಿ ಖಾಲಿ. ಮೂರನೆಯ ಸಲ ಹಣ ಕೊಡುತ್ತ ಮಹಾನಂದಾ ಹೇಳಿದಳು, "ಹಿಂಗ ನಡೀಲಿ ಬಿಡು. ರೊಕ್ಕ ನಿಂದು, ಹೆಸರ ನಂದು. ನಿಂದೇನ ಹೊಕ್ಕೈತಿ?"

"ಹೆಸರ ಹೊಕ್ಕೈತಲ್ಲ, ಅಕ್ಕಾ."

ನಗುತ್ತಲೇ ಹೇಳಿದರೂ ಅವಳು ಅದನ್ನು ಬಸ್ಸಿನ ದಾರಿಯುದ್ದಕ್ಕೂ ತೂಗಿ ನೋಡಿದಳು. ಕಾಳು ಯಾರಾದರೂ ನೆನೆಹಾಕಬಹುದು. ಮತ್ತೆ ಹುಡುಕಿಕೊಂಡು ಬರುವ ಗಿರಾಕಿಯ ನಂಬಿಕೆಯೇ ದಂಧೆ. ಆ ನಂಬಿಕೆ ವಾರವಾರವೂ ಮತ್ತೊಬ್ಬರ ಹೆಸರಿಗೆ ಜಮಾ ಆಗುತ್ತಿದ್ದರೆ, ತಾನು ಎಷ್ಟು ವರ್ಷ ದುಡಿದರೂ ಮೊದಲ ದಿನದಲ್ಲೇ ಇರುತ್ತೇನೆ. ಇದನ್ನು ಈಗಲೇ ಪರೀಕ್ಷಿಸಬೇಕು. ತಡವಾದಷ್ಟೂ ಈ ತಪ್ಪು ದುಬಾರಿಯಾಗುತ್ತದೆ.

ನಾಲ್ಕನೆಯ ಸಂತೆಗೆ ಅವಳೇ ಬಂದಳು. ಒಂದೇ ಪಾತೇಲಿಯ ಕಾಳನ್ನು ಎರಡು ಬುಟ್ಟಿಗೆ ಹಂಚಿ, ಒಂದನ್ನು ಮಹಾನಂದಾಳ ಮುಂದಿಟ್ಟು, ಇನ್ನೊಂದನ್ನು ತನ್ನ ಮುಂದಿಟ್ಟುಕೊಂಡು ಪಕ್ಕದಲ್ಲೇ ಕೂತಳು.

ಮೊದಲು ಬಂದವಳು ರಾಯವ್ವ, ಮೂರು ಸಂತೆಯಿಂದಲೂ ತಪ್ಪದ ಗಿರಾಕಿ. ಜೊತೆಗೆ ನೆರೆಮನೆಯ ಹೆಂಗಸು. ರಾಯವ್ವ ಎರಡೂ ಬುಟ್ಟಿ ನೋಡಿ, "ಇಕಿ ಯಾರ?" ಎಂದಳು. ಮಹಾನಂದಾಳಿಗೆ ಇದ್ದಕ್ಕಿದ್ದಂತೆ ಬದನೆಕಾಯಿ ಒರೆಸುವ ಕೆಲಸ ಬಂತು.

ಸ್ನೇಹಲ್ ತಾನೇ ಹೇಳಿದಳು. "ಇಷ್ಟು ದಿನಾ ನೀವು ಒಯ್ದ ಕಾಳ ನಾ ಮಾಡಿದ್ದರೀ. ಮುನವಳ್ಳಿಯಾಕಿ."

"ಯಾರ ಪೈಕಿ ಆದಿ?"

"ಶಟ್ಟೆಪ್ಪ ಗೌಂಡಿ ನಮ್ಮ ಮಾವ. ನಾವು ಬೌದ್ಧರೀ."

"ಬೌದ್ಧರಂದ್ರ?"

"ಮದ್ಲ ಊರ ಹೊರಗ ಇಟ್ಟಿದ್ರಲ್ಲರೀ, ಅವರು."

ನೆರೆಮನೆಯವಳು ಅರ್ಧ ತೆರೆದ ಚೀಲದ ಬಾಯಿ ಮುಚ್ಚಿ, "ನನಗ ಇವತ್ತ ಬ್ಯಾಡವ್ವ," ಎಂದು ಹೊರಟೇಬಿಟ್ಟಳು. ರಾಯವ್ವ ಗಲ್ಲಕ್ಕೆ ಕೈ ಹಚ್ಚಿದಳು.

"ಅಯ್ಯ ಶಿವನ! ಮೂರು ಸಂತಿಯಿಂದ ತಿನ್ನಾಕತ್ತೇನಲ್ಲ!"

"ತಿಂದು ಏನರ ಆತೇನ್ರಿ?"

"ಆತವ್ವ. ನಮ್ಮನಿ ಮುದುಕ ತಂಬಿಗಿ ಹಿಡಕೊಂಡ ಹೋದ್ರ ತಾಸಾದ್ರೂ ಬರತಿರಲಿಲ್ಲ. ಈಗ ನಾ ಚಾ ಕಾಸೂದ್ರಾಗ ಹಾಜರ!"

ಮಹಾನಂದಾ ಬದನೆಕಾಯಿ ಬಿಟ್ಟು ನಕ್ಕಳು. ಸ್ನೇಹಲ್ ನಕ್ಕಳು. ರಾಯವ್ವನೂ ಕಣ್ಣೀರು ಬರುವಂತೆ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಮಹಾನಂದಾಳ ಬುಟ್ಟಿಯ ಮುಂದೆ ಚೀಲ ಹಿಡಿದಳು.

"ಎರಡೂ ಒಂದ ಅಲ್ಲೇನ್ರಿ?" ಎಂದಳು ಸ್ನೇಹಲ್.

"ಒಂದ ಐತಿ, ತಿಳೀತು." ರಾಯವ್ವ ಅವಳ ಮುಖ ನೋಡಲಿಲ್ಲ. "ಆದ್ರೂ ಇರಲಿ."

ಅವತ್ತು ಮಹಾನಂದಾಳ ಬುಟ್ಟಿ ಬೇಗ ಖಾಲಿಯಾಯಿತು. ಸ್ನೇಹಲ್‌ಳದ್ದು ಅರ್ಧಕ್ಕೆ ನಿಂತಿತು. ಆದರೂ ಅವಳಿಗೆ ಒಂದು ಬಗೆಯ ನಿರಾಳವಿತ್ತು: ಉತ್ತರ ಕೈಗೆ ಬಂದಿತ್ತು.

"ನಾ ಹೇಳಿರಲಿಲ್ಲಾ?" ಎಂದ ಶಟ್ಟೆಪ್ಪ, ಅವಳು ಊರಿಗೆ ಮರಳಿದ ಮೇಲೆ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

"ಹೇಳಿದ್ದಿ. ಖರೇನೂ ಐತಿ. ಆದ್ರ ಅವರಿಗೆ ಇನ್ನೊಂದು ಬುಟ್ಟಿ ಇತ್ತು, ಅದಕ್ಕ ಅತ್ತ ಹೋದ್ರು. ಅದು ಇಲ್ಲಂದ್ರ ಏನ ಮಾಡತಾರ, ಅದಿನ್ನೂ ಗೊತ್ತಾಗಿಲ್ಲ, ಮಾವಾ."

ಮುಂದಿನ ಸಂತೆಗೆ ಅವಳು ಒಂದು ಹಿಡಿಯನ್ನೂ ಕಡಿಮೆ ನೆನೆಹಾಕಲಿಲ್ಲ. ಬುಟ್ಟಿ ಒಂದೇ, ತನ್ನ ಮುಂದೆ. ಹಿಂದೆ ಒಂದು ತಗಡಿನ ಮೇಲೆ ತನ್ನ ಕೈಬರಹ: ಸ್ನೇಹಲ್ ಮೊಳಕೆಕಾಳು, ಮುನವಳ್ಳಿ.

"ಸುಡಗಾಡ ಹಟ ನಿಂದು," ಎಂದು ಮಹಾನಂದಾ ಗೊಣಗಿದಳು. "ಕಾಳಿಗಿ ಬಂದವರು ನನ್ನ ಕಡೆ ಪಲ್ಲೆನೂ ಒಯ್ತಿದ್ರು. ಅವರೂ ಹೋದ್ರ?"

"ಹೋದ್ರ ನಾ ಜಾಗಾ ಬದಲಿ ಮಾಡತೇನಿ, ಅಕ್ಕಾ. ಕಾಳ ಬದಲಿ ಮಾಡೂದಿಲ್ಲ, ಹೆಸರೂ ಇಲ್ಲ."

ಬೆಳಗಿನ ಹೊತ್ತು ನಿಧಾನವಾಗಿ ಹೋಯಿತು. ಹಾಸ್ಟೆಲಿನ ಅಡಿಗೆಯವನೊಬ್ಬ ಒಳ್ಳೆಯ ಪಾಲು ಒಯ್ದ. ಬಸ್ ಹಿಡಿಯುವ ಅವಸರದಲ್ಲಿದ್ದ ಶಾಲೆಯ ಶಿಕ್ಷಕಿ ತಗಡು ಓದದೆಯೇ ಕೊಂಡರು. ನೆರೆಮನೆಯ ಹೆಂಗಸು ಇತ್ತ ತಲೆಹಾಕಲಿಲ್ಲ. ಬಿಸಿಲು ಏರಿದಾಗ ರಾಯವ್ವ ಬಂದಳು.

"ಕಾಳ ಎಲ್ಲಿ?" ಎಂದು ಮಹಾನಂದಾಳನ್ನು ಕೇಳಿದಳು.

"ಅಲ್ಲಿ ಅದಾವು ನೋಡು. ನನ್ನ ಕಡೆ ಇಲ್ಲ, ಇನ್ನ ಬರೂದೂ ಇಲ್ಲ."

ರಾಯವ್ವ ಉಳ್ಳಾಗಡ್ಡಿ ಸಾಲಿಗೆ ಹೋದಳು. ಅಲ್ಲಿಂದ ಬೆಲ್ಲದವನ ಹತ್ತಿರ ನಿಂತಳು. ಸ್ನೇಹಲ್ ಅತ್ತ ನೋಡಲೇಬಾರದೆಂದುಕೊಂಡರೂ ನೋಡುತ್ತಿದ್ದಳು. ಕೊನೆಗೆ ರಾಯವ್ವ ಸಂತೆಯನ್ನೆಲ್ಲ ಸುತ್ತಿ ಬಂದು, ಅವಳ ಮುಂದೆ ಮಂಡಿಯೂರಿ ಕೂತು, ಕಾಳನ್ನು ಕೆದಕಿ ನೋಡಿದಳು.

"ಹೆಂಗ ಪಾವ ಕಿಲೋ?"

ಸ್ನೇಹಲ್ ಹೇಳಿದಳು.

"ಅಬಬಾ! ಬಂಗಾರ ಬಳದೀಯೇನ ಇದಕ್ಕ? ಮಹಾನಂದಾ ಕಡಿಮಿ ಕೊಡತಿದ್ಲು."

"ಇಷ್ಟ ಇತ್ತರೀ. ಅಕ್ಕ ಇಲ್ಲೇ ಕುಂತಾಳ, ಕೇಳ್ರಿ."

"ಹಳೇ ಗಿರಾಕಿ ಅದೇನಿ. ಐದು ರೂಪಾಯಿ ಬಿಡು."

"ಬಿಡೂದಿಲ್ರಿ. ಬೇಕಂದ್ರ ಮ್ಯಾಲೊಂದು ಮುಟಗಿ ಹಾಕತೇನಿ."

ರಾಯವ್ವ ಚೀಲ ತೆರೆದು ಹಿಡಿದಳು. ಸ್ನೇಹಲ್ ತೂಗಿದ ಕಾಳು ಸುರಿದು, ತಕ್ಕಡಿ ಕೆಳಗಿಟ್ಟು, ಬರಿಗೈಯಿಂದ ಒಂದು ಮುಟಗಿ ತುಂಬಿಕೊಂಡು ಅದರೊಳಗೆ ಹಾಕಿದಳು. ರಾಯವ್ವನ ಕಣ್ಣು ಆ ಕೈಯನ್ನು ಹಿಂಬಾಲಿಸಿತು. ಚೀಲ ಮಾತ್ರ ಮುಚ್ಚಲಿಲ್ಲ.

"ನಿನ್ನ ಮುಟಗಿ ಸಣ್ಣದೈತಿ," ಎಂದಳು. "ಇನ್ನೊಂದು ಹಾಕು."

"ಇಲ್ರಿ," ಎಂದಳು ಸ್ನೇಹಲ್. "ಲುಕ್ಸಾನ ಆಕ್ಕೈತಿ."