ಏಕಾದಶಿಯ ಗುಂಡು

ರಘೂತ್ತಮರಾಯರು ಎಡಕ್ಕೆ ವಾಲಿ ನಡೆಯುತ್ತಾರೆ. ಹರ್ತಿಯ ಬಸ್ ನಿಲ್ದಾಣದಿಂದ ಅವರ ಹೊಲಕ್ಕೆ ಹೋಗುವ ಎರೆಮಣ್ಣಿನ ದಾರಿಯಲ್ಲಿ ಎದುರಿಗೆ ಬರುತ್ತಿರುವವರು ಯಾರೆಂದು ಮುಖ ಕಾಣುವ ಮೊದಲೇ ಹೇಳಬಹುದು. ಬಲ ಭುಜ ಮೇಲೆ, ಎಡ ಭುಜ ಕೆಳಗೆ, ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಹಿಡಿದವರ ಹಾಗೆ. ಇದಕ್ಕೆ ಸೊಂಟನೋವೂ ಕಾರಣವಲ್ಲ, ಎಪ್ಪತ್ತು ದಾಟಿದ ವಯಸ್ಸೂ ಕಾರಣವಲ್ಲ. ಮಾಸ್ತರಿಕೆಯ ಕಾಲದ ಕರಿ ಕೋಟನ್ನು ನಿವೃತ್ತಿಯ ನಂತರವೂ ಬಿಡದ ಅವರು ಅದರ ಎಡಗಿಸೆಯಲ್ಲಿ ಸೀಸದ ಗುಂಡುಗಳನ್ನೂ ಬಲಗಿಸೆಯಲ್ಲಿ ಅಡಿಕೆ-ಲವಂಗದ ಸಣ್ಣ ಡಬ್ಬಿಯನ್ನೂ ಇಟ್ಟುಕೊಂಡು ತಿರುಗಿದವರು. ಸೀಸಕ್ಕೂ ಲವಂಗಕ್ಕೂ ಎಲ್ಲಿಯ ತೂಕ? ಮೊದಲು ಕೋಟು ವಾಲಿತು, ಆಮೇಲೆ ಕೋಟಿನೊಳಗಿನ ಮನುಷ್ಯ ವಾಲಿದರು.

ಅವರು ನನಗೆ ಏಳನೆಯ ಇಯತ್ತೆಯಲ್ಲಿ ಸಂಸ್ಕೃತ ಕಲಿಸಿದವರು. ಹಣೆಯ ಮೇಲೆ ಅಂಗಾರದ ಕರಿ ಗೆರೆ, ಅದರ ಕೆಳಗೆ ಅಕ್ಷತೆಯ ಕೆಂಪು ಬೊಟ್ಟು. ಉಳ್ಳಾಗಡ್ಡಿಯ ವಾಸನೆ ಬಂದರೆ ಆಚೆ ಓಣಿಯಿಂದ ಸುತ್ತು ಹಾಕಿ ಬರುವಷ್ಟು ಮಡಿ. ಅಂಥವರ ಮನೆಯ ಪಡಸಾಲೆಯ ಗೋಡೆಗೆ ಒಂದು ಬಂದೂಕು ತೂಗುತ್ತಿತ್ತು ಎಂದರೆ ಪರಸ್ಥಳದವರು ನಗುತ್ತಾರೆ, ಹರ್ತಿಯವರು ನಗುವುದಿಲ್ಲ. ಅಜ್ಜನ ಕಾಲದಿಂದ ಬಂದ, ಬೆಳೆ ಕಾಯಲಿಕ್ಕೆಂದು ಪರವಾನಿಗೆ ಪಡೆದ, ಬಾಯಿಯಿಂದಲೇ ಮದ್ದು ತುಂಬುವ ಉದ್ದ ನಳಿಗೆಯ ಬಂದೂಕು ಅದು. ಗುಡ್ಡದಿಂದ ಇಳಿಯುವ ಕಾಡುಹಂದಿಗಳು ಶೇಂಗಾ ಹೊಲವನ್ನು ನೇಗಿಲು ಹೊಡೆದಂತೆ ಕೆದರಿ, ಗೋವಿನಜೋಳವನ್ನು ಮಲಗಿಸಿ ಹೋಗುತ್ತಿದ್ದ ಆ ಭಾಗದಲ್ಲಿ ಅಕ್ಕಪಕ್ಕದ ಹೊಲದವರಿಗೆಲ್ಲ ಇದ್ದ ಆಸರೆ ಅದೊಂದೇ. ಅರಣ್ಯ ಇಲಾಖೆಯ ಅಪ್ಪಣೆ ಬಂದ ವರ್ಷ ರಾಯರು ಗುಂಡು ಹಾರಿಸುತ್ತಿದ್ದರು, ಬಾರದ ವರ್ಷ ಬರೀ ಸಪ್ಪಳ ಮಾಡಿ ಓಡಿಸುತ್ತಿದ್ದರು.

ಗುಂಡನ್ನು ಅವರು ಆರಿಸುವ ರೀತಿಯನ್ನು ನೋಡಬೇಕು. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿಕೊಂಡ ಗುಂಡುಗಳನ್ನು ಆರಿದ ಮೇಲೆ ಒಂದೊಂದಾಗಿ ಹಿತ್ತಾಳೆ ತಾಟಿನಲ್ಲಿ ಉರುಳಿಸುತ್ತಿದ್ದರು. ನಿಂತಾಗ ಮೇಲಕ್ಕೆ ಬಂದ ಮಗ್ಗಲಿಗೆ ಕಾಡಿಗೆಯ ಚುಕ್ಕೆ ಇಟ್ಟು ಮತ್ತೆ ಮತ್ತೆ ಉರುಳಿಸುವುದು. ಚುಕ್ಕೆ ಪ್ರತಿ ಸಲವೂ ಮೇಲೆಯೇ ಬಂದರೆ ಒಳಗೆ ಗಾಳಿ ಸೇರಿದೆ ಎಂದರ್ಥ, ಆ ಗುಂಡು ಮರಳಿ ಒಲೆಗೆ.

“ಪೊಳ್ಳ ಗುಂಡು ಪೊಳ್ಳ ಮನಶ್ಯಾನ ಹಂಗ. ಎಷ್ಟ ಉರಳಿಸಿದ್ರೂ ಅದ ಮಗ್ಗಲಿಗೇ ಬೀಳ್ತದ, ಹೌದಿಲ್ಲೋ?” ಎನ್ನುತ್ತಿದ್ದರು. ಈ ‘ಹೌದಿಲ್ಲೋ’ ಅವರ ಪ್ರತಿ ಮಾತಿನ ಬಾಲ. ತರಗತಿಯಲ್ಲಿ ನಾವು ಹೌದೆನ್ನುವ ತನಕ ಅವರು ಮುಂದಿನ ಶ್ಲೋಕಕ್ಕೆ ಹೋಗುತ್ತಿರಲಿಲ್ಲ.

ಆ ತಾಟನ್ನು ಅವರ ಹೆಂಡತಿ ತುಳಸಾಬಾಯಿ ಮೊದಲ ದಿನವೇ ಅಡುಗೆಮನೆಯಿಂದ ಗಡೀಪಾರು ಮಾಡಿದ್ದರು. “ಇನ್ನ ಇದು ನಿಮ್ಮ ಗುಂಡಿಗೇ ಇರ್ಲಿ. ನನ್ನ ಅಡಗಿಮನಿ ಹೊಸ್ತಿಲಾ ದಾಟೂದು ಬ್ಯಾಡ.” ಲಕ್ಷ್ಮೇಶ್ವರದಲ್ಲಿ ಬಂದೂಕು ರಿಪೇರಿ ಮಾಡುವ ಮೊಹಸಿನ ಒಮ್ಮೆ ಈ ಉರುಳಾಟವನ್ನು ಕಂಡು, “ಕನ್ಯಾ ನೋಡಾಕ ಬಂದೋರೂ ಇಷ್ಟ ತಿರುವ್ಯಾಡಿ ನೋಡಂಗಿಲ್ರೀ ರಾಯರ,” ಎಂದು ಕೈ ಮುಗಿದಿದ್ದನಂತೆ.

ಇಷ್ಟೆಲ್ಲ ಪರೀಕ್ಷೆ ಯಾಕೆಂದರೆ, ರಾಯರಿಗೆ ಕೊಲ್ಲುವುದಕ್ಕಿಂತ ಗಾಯ ಮಾಡುವುದು ದೊಡ್ಡ ಪಾಪವಾಗಿತ್ತು. ಸಾಸಿವೆಯಂಥ ಸಣ್ಣ ಛರಾ ಗುಂಡು ಹಾಕಿ ಹಂದಿಗೆ ಹೊಡೆಯುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. “ಛರಾ ಹಂದೀನ್ನ ಕೊಲ್ಲೂದಿಲ್ಲ, ಸಿಟ್ಟಿಗೇಳಸ್ತದ. ಅದು ಹೋಗಿ ಎಲ್ಲೋ ಮುಳ್ಳಕಂಟ್ಯಾಗ ಕೊಳತು ಸಾಯ್ತದ, ಹೌದಿಲ್ಲೋ?” ಗಿಳಿಗಳಿಗಾದರೆ ಬರೀ ಮದ್ದು ಮತ್ತು ಅದರ ಮೇಲೆ ಬಿಗಿಯಾಗಿ ಜಡಿದ ಕಾಗದದ ಬಿರಡೆ, ಹಂದಿಗೆ ಮಾತ್ರ ಒಂಟಿ ಗುಂಡು, ಅದೂ ತಾಟಿನಲ್ಲಿ ಪಾಸಾದದ್ದು. ಬಿರಡೆಗೆ ಅವರು ಶಾಲೆಯ ಹಳೆಯ ಉತ್ತರಪತ್ರಿಕೆಗಳನ್ನು ಹರಿದು ಬಳಸುತ್ತಿದ್ದರು. ನಪಾಸಾದವರ ಕಾಗದವೇ ಮೇಲಂತೆ, ಹೆಚ್ಚು ಬರೆದಿರುವುದಿಲ್ಲವಾದ್ದರಿಂದ ಗಟ್ಟಿ ಇರುತ್ತದಂತೆ. ನನ್ನದೂ ಎಷ್ಟು ಸಲ ಗುಡ್ಡದ ಕಡೆ ಹಾರಿತ್ತೋ ದೇವರಿಗೇ ಗೊತ್ತು.

ಇಂಥ ರಾಯರಿಗೆ ಒಂದು ಹಟವಿತ್ತು. ಏಕಾದಶಿಯ ದಿನ ಬಂದೂಕಿಗೆ ಸೀಸ ಮುಟ್ಟಿಸುವುದಿಲ್ಲ. ಆ ದಿನ ಹನಿ ನೀರೂ ಕುಡಿಯದೆ, ಹಣೆಗೆ ಅಕ್ಷತೆಯಿಡದೆ ಬರೀ ಅಂಗಾರದಲ್ಲಿರುವ ಅವರು ಸಂಜೆ ಕಾವಲಿಗೆ ಹೋದರೂ ಮದ್ದು ಮತ್ತು ಬಿರಡೆ ಇಷ್ಟೇ ತುಂಬುತ್ತಿದ್ದರು; ಹಂದಿ ಬಂದರೆ ಢಂ ಎನ್ನಿಸಿ ಮನೆಗೆ ಬರುವುದು. ಊರವರಿಗೆ ರಾಯರ ಹಣೆಯೇ ಪಂಚಾಂಗ, ಕೆಂಪು ಬೊಟ್ಟಿಲ್ಲದಿದ್ದರೆ ಆ ದಿನ ಹಂದಿಗೆ ಜೀವದಾನ. ಪಕ್ಕದ ಹೊಲದ ಉಡಚಪ್ಪ, “ಗುಡ್ಡದ ಹಂದಿ ಪಂಚಾಂಗ ಓದ್ತಾವ್ರೀ, ಏಕಾದಶಿಗೆ ಮರಿಗೊಳನೂ ಕರ್ಕೊಂಡ ಬರ್ತಾವ,” ಎಂದು ನಗಾಡುತ್ತಿದ್ದ. ರಾಯರೂ ನಗುತ್ತಿದ್ದರು.

ನಗು ನಿಂತದ್ದು ಮೂರು ವರ್ಷದ ಹಿಂದಿನ ಒಂದು ದ್ವಾದಶಿಯ ಬೆಳಗಿನಲ್ಲಿ. ಹಿಂದಿನ ಸಂಜೆ ಹಂದಿ ಬಂದಿರಲಿಲ್ಲ, ಬರೀ ಮದ್ದು ತುಂಬಿದ ಬಂದೂಕು ಹಾಗೆಯೇ ಗೋಡೆಗೆ ಬಂದಿತ್ತು. ಬೇರೆ ದಿನವಾಗಿದ್ದರೆ ಮನೆಯಿಂದ ಹೊರಡುವ ಮುಂಚೆ ರಾಯರು ಮದ್ದು ಜಡಿಯುವ ಕಬ್ಬಿಣದ ಸಲಾಕೆಯನ್ನು ನಳಿಗೆಯೊಳಗೆ ಬಿಟ್ಟು ಕಿವಿ ಕೊಡುತ್ತಿದ್ದರು. ತಳದಲ್ಲಿ ಸೀಸವಿದ್ದರೆ ಠಣ್ಣೆನ್ನುತ್ತದೆ, ಕಾಗದವಿದ್ದರೆ ದಬ್ಬೆನ್ನುತ್ತದೆ. ಆ ದಿನ ದ್ವಾದಶಿ ಬೇಗ ಮುಗಿಯುವುದಿತ್ತು. ಅಷ್ಟರೊಳಗೆ ಪೂಜೆ ಮುಗಿಸಿ ಪಾರಣೆ ಮಾಡದಿದ್ದರೆ ಹಿಂದಿನ ದಿನದ ಉಪವಾಸವೆಲ್ಲ ನೀರಿನಲ್ಲಿ ಹೋಮ. ಸ್ನಾನ ಮುಗಿಸಿ ಒದ್ದೆ ಧೋತರದಲ್ಲಿದ್ದಾಗ ಉಡಚಪ್ಪ ಹೊಲಕ್ಕೆ ಅಂಟಿದ ಹಿತ್ತಲ ಬೇಲಿಯಾಚೆಯಿಂದ ಕೂಗಿದ: “ರಾಯರ, ಜಲ್ದಿ ಬರ್ರಿ! ಹಂದಿ ನಡು ಹೊಲದಾಗೈತಿ!”

ಅಪ್ಪಣೆ ಇದ್ದ ವರ್ಷ ಅದು. ರಾಯರು ಒದ್ದೆ ಬಟ್ಟೆಯ ಮೇಲೆಯೇ ಕೋಟು ಏರಿಸಿ, ಬಂದೂಕು ಹಿಡಿದು ಓಡಿದರು. ಸಲಾಕೆ ಬಿಟ್ಟು ನೋಡಲಿಲ್ಲ. ಉಡಚಪ್ಪ ಡಬ್ಬ ಬಡಿಯುತ್ತ ಗೋವಿನಜೋಳದೊಳಗೆ ಹೊಕ್ಕು ಹಂದಿಯನ್ನು ಬಯಲಿಗೆ ಎಬ್ಬಿಸಿದ. ಬೆನ್ನ ಹಿಂದೆ ರಾಯರ ಗುಂಡಿದೆ ಎಂಬ ಧೈರ್ಯದಲ್ಲಿ ಅದರ ಎದುರಿಗೇ ನಿಂತ. ರಾಯರು ಗುರಿ ಹಿಡಿದು ಕುದುರೆ ಎಳೆದರು. ಸಪ್ಪಳವಾಯಿತು, ಹೊಗೆಯಾಯಿತು, ಹರಿದ ಉತ್ತರಪತ್ರಿಕೆಯ ಚೂರುಗಳು ಹಾರಿದವು. ಬೆದರಿದ ಹಂದಿ ನೆಟ್ಟಗೆ ಉಡಚಪ್ಪನ ಮೇಲೆ ಹೋಗಿ ತೊಡೆಯನ್ನು ಸೀಳಿ ಗುಡ್ಡದ ದಾರಿ ಹಿಡಿಯಿತು.

ಉಡಚಪ್ಪ ಬದುಕಿದ. ಬಹಳ ದಿನ ಗದಗಿನ ಆಸ್ಪತ್ರೆಯಲ್ಲಿದ್ದು, ಒಂದು ಕಾಲು ಎಳೆಯುತ್ತ ಊರಿಗೆ ಬಂದ. ಆಸ್ಪತ್ರೆಯಲ್ಲಿ ರಾಯರು ಅವನ ಮಂಚದ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ಅವನೇ ಅವರನ್ನು ಸಮಾಧಾನ ಮಾಡಲು ನೋಡಿದ: “ಸಪ್ಪಳಾ ಮಾತ್ರ ಚೊಲೋ ಇತ್ರಿ ರಾಯರ.” ಅವನು ನಗಿಸಲಿಕ್ಕೇ ಅಂದದ್ದು. ಆದರೆ ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಅಂದಿನಿಂದ ಅವರ ಮಾತಿನ ‘ಹೌದಿಲ್ಲೋ’ ಹೋಯಿತು. ಯಾರನ್ನೂ ಹೌದೆನ್ನಿಸುವ ಉಮೇದು ಅವರಲ್ಲಿ ಉಳಿಯಲಿಲ್ಲ.

ಬಂದೂಕು ಗೋಡೆಯಲ್ಲೇ ಧೂಳು ತಿಂದಿತು. ಎರಡು ಬೆಳೆ ಹಂದಿಯ ಪಾಲಾದವು, ರಾಯರದಷ್ಟೇ ಅಲ್ಲ, ಸುತ್ತಿನ ಎಲ್ಲರದೂ. ಬಂದು ಒಂದು ಮಾತು ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು, ಯಾರೂ ಕೇಳಲಿಲ್ಲ. ಹಂದಿ ಉರುಳಿಸಿದ ತೆನೆಗಳನ್ನು ಉಡಚಪ್ಪ ಕುಂಟುತ್ತ ಆರಿಸುವುದು ಮಾತ್ರ ಅವರ ಪಡಸಾಲೆಗೆ ಕಾಣುತ್ತಿತ್ತು.

ಹೋದ ವರ್ಷ ಮತ್ತೆ ಅಪ್ಪಣೆ ಬಂತು. ನಾನು ಹರ್ತಿಗೆ ಹೋಗಿದ್ದ ದಿನ ರಾಯರು ಬಂದೂಕು ಇಳಿಸಿ ಒರೆಸಿ, ಸಂಜೆ ಹೊಲದ ಕಾವಲು ಅಟ್ಟಣಿಗೆಯ ಹತ್ತಿರ ಕೂತಿದ್ದರು, ಪಕ್ಕದಲ್ಲಿ ನಾನೂ. ಬಿಸಿಲು ಇನ್ನೂ ಇತ್ತು. ಉಡಚಪ್ಪ ಬುತ್ತಿಗಂಟು ಹಿಡಿದು ಬಂದು ಕೂತವನು ಅವರ ಹಣೆ ನೋಡಿದ.

“ಅಕ್ಷತಿ ಇಲ್ಲ. ಇವತ್ತ ಏಕಾದಶಿ ಏನ್ರಿ?”

“ಹೌದು.”

“ಹಂಗಾರ ಬರೇ ಮದ್ದ ತುಂಬ್ರಿ. ನಾ ಈ ಸಲ ಮುಂದ ಹೋಗಂಗಿಲ್ಲ, ಇಲ್ಲೇ ಕುಂಡ್ರತೇನಿ. ತಿಂದ್ರ ತಿನ್ಲಿ ಬಿಡ್ರಿ. ನಿಮ್ಮ ನೇಮಾ ಕೆಡೋದು ಬ್ಯಾಡ.”

ರಾಯರು ಎಡಗಿಸೆಗೆ ಕೈ ಹಾಕಿ ಒಂದು ಗುಂಡು ತೆಗೆದು ಅಂಗೈಯಲ್ಲಿ ಹೊರಳಿಸಿದರು. “ನನ್ನ ಏಕಾದಶಿ ನಿನ್ನ ತೊಡಿ ಹರೀತಲ್ಲೋ ಉಡಚಪ್ಪಾ. ಇನ್ನ ಯಾವ ಮಾರಿ ಹೊತ್ಕೊಂಡು ಮಾಡ್ಲಿ ಅದನ್ನ?” ಎಂದು ಮದ್ದಿಗೆ ಬಿರಡೆ ಜಡಿದು, ಅದರ ಮೇಲೆ ಗುಂಡು ಇಳಿಸಿ, ಸಲಾಕೆ ಬಿಟ್ಟರು. ಠಣ್ಣೆಂದಿತು. ಉಡಚಪ್ಪ ಬೇರೆ ಕಡೆ ನೋಡುತ್ತಿದ್ದ.

ಹೊತ್ತು ಮುಳುಗುವ ಮುನ್ನ ಹಂದಿ ಬಯಲಿಗೆ ಬಂತು, ಒಂದೇ ಗುಂಡಿಗೆ ಕಾಲು ಮಡಚಿ ಬಿತ್ತು, ಅಲುಗಲಿಲ್ಲ. ರಾಯರು ಬಯಸಿದ್ದಂಥ ಗುಂಡು ಅದು. ಅವರ ಮುಖದಲ್ಲಿ ಮಾತ್ರ ದಣಿವಿನ ಹೊರತು ನನಗೆ ಬೇರೇನೂ ಕಾಣಲಿಲ್ಲ. ಬಂದೂಕು ಕೆಳಗಿಟ್ಟು, ಕೈ ತೊಳೆದು ಬಂದು, “ಉಡಚಪ್ಪಾ, ನಿನ್ನ ಬುತ್ಯಾಗ ರೊಟ್ಟಿ ಅದಾವೇನು?” ಎಂದು ಕೇಳಿದರು.

ಉಡಚಪ್ಪ ಗಾಬರಿಯಾದ. “ಐತ್ರಿ… ಆದ್ರ ಉಳ್ಳಾಗಡ್ಡಿ ಪಲ್ಯಾ ಐತ್ರೀ ರಾಯರ, ಅದೂ ಇವತ್ತ…”

“ಇರ್ಲಿ. ಕೊಡು.”

ಅವರು ತಿಂದರು. ಯಾರ ಮೇಲೂ ಸೇಡು ತೀರಿಸಿಕೊಂಡಂತೆ ಅಲ್ಲ, ದೊಡ್ಡ ಕ್ರಾಂತಿ ಮಾಡಿದವರ ಬಿಗುವಿನಿಂದಲೂ ಅಲ್ಲ. ಹಸಿದ ಮುದುಕನೊಬ್ಬ ತಿನ್ನುವ ಹಾಗೆ ನಿಧಾನ ತಿಂದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವರು ಏಕಾದಶಿ ಮಾಡಿಲ್ಲ. ತುಳಸಾಬಾಯಿ ಮಾಡುತ್ತಾರೆ, ಮಾಡುವ ಮುಂಚೆ ಗಂಡನಿಗೆ ನಾಲ್ಕು ಜೋಳದ ಭಕ್ರಿ ಬಡಿದಿಡುತ್ತಾರೆ.

ಹಿಂಸೆ ತಪ್ಪದ ಕೆಲಸಕ್ಕೆ ಕೈ ಹಾಕಿ, ಅದರಲ್ಲೂ ಒಂದು ದಿನ, ಒಂದು ನೇಮ, ಒಂದು ಒಳ್ಳೆಯ ಗುಂಡು ಎಂದು ಎಲ್ಲೋ ಒಂದು ಗೆರೆ ಎಳೆದುಕೊಂಡು ಬದುಕುವವರ ಜಾತಿಯೊಂದಿದೆ. ನಾವು ಅವರನ್ನು ನೋಡಿ ನಗುತ್ತೇವೆ, ಅವರು ಕಾದ ಬೆಳೆಯನ್ನು ಉಣ್ಣುತ್ತೇವೆ. ಅವರ ಗೆರೆ ಸುಳ್ಳಲ್ಲ. ಆದರೆ ತಾವು ತೋರಿದ ದಯೆಗೆ ಬೇರೊಬ್ಬ ರಕ್ತ ಕೊಟ್ಟದ್ದನ್ನು ಒಮ್ಮೆ ಕಂಡ ಮೇಲೆ ಇಂಥವರಿಗೆ ಆ ಗೆರೆಯ ಆಚೆಯೂ ನೆಲೆಯಿಲ್ಲ, ಈಚೆಯೂ ಇಲ್ಲ. ಆದರೂ ಕೆಲಸ ಬಿಡುವಂತಿಲ್ಲ, ಸಂಜೆಯಾದರೆ ಹಂದಿ ಇಳಿಯುತ್ತದೆ. ಮೊನ್ನೆ ಚುನಾವಣೆಗೆಂದು ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ ರಾಯರು ನಿಲ್ದಾಣದಲ್ಲಿ ಬಸ್ಸಿಳಿದದ್ದನ್ನು ನೋಡಿದೆ. ಎಡಗಿಸೆ ಖಾಲಿಯಿತ್ತು. ಅವರು ಎಡಕ್ಕೇ ವಾಲಿ ನಡೆದು ಹೋದರು.