ಕುಂಬಿಯ ಮೇಲಿನ ಸಿಳ್ಳಾರ

"ನೀಲಿ ಅಲ್ಲ, ಕಂದು ಐತಿ," ದುರ್ಬೀನು ಇಳಿಸದೆಯೇ ಹೇಳಿದರು ಖಂಡೆಪ್ಪ ಮಾಸ್ತರರು. "ಹೊಟ್ಟಿ ಮ್ಯಾಲೆ ಪಟ್ಟಿ ನೋಡು. ನೀಲಿ ತಲಿ ಸಿಳ್ಳಾರದ ಹೆಣ್ಣು ಇದು. ನಮ್ಮ ಇಂಡಿ ಕಡೆ ಯಾರೂ ಕಂಡಿಲ್ಲ."

ಹೆಂಡತಿ ವಿದ್ಯಾವತಿ ಚಹಾದ ಕಪ್ಪು-ಬಸಿ ಕುಕ್ಕಿದರು. ಮಾಳಿಗೆಯ ಅಂಚಿನ ಕುಂಬಿಗೋಡೆಯ ಮೇಲೆ ಒಣದ್ರಾಕ್ಷಿ ಹೆಕ್ಕುತ್ತಿದ್ದುದು ಪ್ರತಿ ಚಳಿಗಾಲಕ್ಕೂ ಬರುವ ಗಂಡು ಬಂಡೆ ಸಿಳ್ಳಾರವೇ. ಮಸಿ ತೊಳೆದ ನೀರಿನಂಥ ನೀಲಿ. ಮೈಯೆಲ್ಲ ನೀಲಿಯಾದರೆ ಬಂಡೆ ಸಿಳ್ಳಾರ, ತಲೆಯಷ್ಟೇ ನೀಲಿಯಾಗಿ ಹೊಟ್ಟೆ ಇಟ್ಟಿಗೆ ಬಣ್ಣವಿದ್ದರೆ ನೀಲಿ ತಲೆಯದು, ಎರಡರಲ್ಲೂ ಕಂದಾಗಿರುವ ಹೆಣ್ಣುಗಳ ವಿಷಯದಲ್ಲಿ ಮಾತ್ರ ಅವಸರ ಬೇಡ ಎಂದು ಮದುವೆಯಾದ ಹೊಸತರಲ್ಲಿ ಕಲಿಸಿದವರು ಇದೇ ಗಂಡ.

"ಕಣ್ಣಾಗ ಪೊರಿ ಬಂದೈತಿ ಅಂತ ಡಾಕ್ಟರು ಹೇಳಿ ವರ್ಷಾತು. ಹಕ್ಕಿ ಬಣ್ಣ ಬದಲಾಗಿಲ್ರಿ."

"ನನ್ನ ಕಣ್ಣ ನೆಟ್ಟಗದಾವ."

"ಹೌದ್ರಿ. ಅದಕ್ಕ ಮೊನ್ನೆ ಸ್ಕೂಟರ್ ಲಿಂಬಿಹಣ್ಣಿನ ಗಾಡಿಗೆ ಹೊಡದ್ರಿ. ಹಿಂದ ಮೊಮ್ಮಗಳು ಕುಂತಿದ್ದಳು."

"ಗಾಡಿ ಅಡ್ಡ ನಿಂತಿತ್ತು."

"ಅದರ ಮಾಲಕನ ಅಂಗಳದಾಗ ನಿಂತಿತ್ತು."

ಮಾಸ್ತರರು ಆಗಲೇ ಹೊರ್ತಿಯ ಹಳೆಯ ಶಿಷ್ಯ ಜೈನುದ್ದೀನನಿಗೆ ಫೋನು ಮಾಡಿದ್ದರು. ಅವನು ಅಂಗಡಿ ಬಿಟ್ಟು ಬಂದಾಗ ವಿದ್ಯಾವತಿ ಮೆಟ್ಟಿಲ ಬಳಿಯೇ ತಡೆದರು. "ನಾ ಹೇಳಿ ಹೇಳಿ ಸಾಕಾಗೇತಿ. ನಾಳೆ ಮತ್ತ ಹುಡುಗಿನ್ನ ಸ್ಕೂಟರ್ ಮ್ಯಾಲೆ ಕೂಡಿಸಿಕೊಂಡು ಹೊಂಡತಾರ. ನೀನರ ಖರೇ ಹೇಳಪಾ."

ದ್ರಾಕ್ಷಿ ಬಿಡದ ಹಕ್ಕಿ ಇನ್ನೂ ಕುಂಬಿಯ ಮೇಲೇ ಇತ್ತು; ಜೈನುದ್ದೀನ ಬಹಳ ಹೊತ್ತು ದುರ್ಬೀನಿನಲ್ಲಿ ನೋಡಿದ. ಪಕ್ಕದಲ್ಲಿ ಮಾಸ್ತರರು ಫಲಿತಾಂಶಕ್ಕೆ ಕಾಯುವ ಹುಡುಗನಂತೆ ನಿಂತಿದ್ದರು.

"ನನಗ ನೀಲಿ ಕಾಣಾಕತ್ತೈತ್ರಿ ಸರ," ಎಂದ ಕೊನೆಗೆ. "ನಮ್ಮಿಬ್ಬರಾಗ ಯಾರದೋ ಕಣ್ಣ ಕೆಟ್ಟಾವ. ನನ್ನವೂ ಇರಬಹುದು. ನಾಳೆ ವಿಜಯಪುರಕ್ಕ ಹೋಗೂಣು, ಇಬ್ಬರೂ ತೋರಿಸಿಕೊಂಡು ಬರೂಣು."

"ನಿನ್ನ ಕಣ್ಣಿಗೇನಾಗೇತಿ? ಹಿಂದಿನ ಬೆಂಚಿನ್ಯಾಗ ಕುಂತು ಬೋರ್ಡ್ ಓದತಿದ್ದಿ."

"ಓದತಿದ್ದಿಲ್ರಿ ಸರ. ಮುಂದಿನಾವನ್ನ ನೋಡಿ ಬರೀತಿದ್ದೆ."

ವಿದ್ಯಾವತಿಗೆ ಸಿಟ್ಟಿನಲ್ಲೂ ನಗು ಬಂತು. ಮಾಸ್ತರರು ನಗಲಿಲ್ಲ. ದುರ್ಬೀನು ಇಸಿದುಕೊಂಡು ಮತ್ತೊಮ್ಮೆ ನೋಡಿದರು. ಗಾಜನ್ನು ಧೋತರದ ಚುಂಗಿನಿಂದ ಒರೆಸಿ ಇನ್ನೊಮ್ಮೆ ನೋಡಿದರು.

"ಎಷ್ಟು ನೀಲಿ ಐತಿ?" ಎಂದು ಮೆಲ್ಲಗೆ ಕೇಳಿದರು.

"ಯಾವಾಗಲೂ ಇದ್ದಷ್ಟ ಐತ್ರಿ," ಎಂದರು ವಿದ್ಯಾವತಿ.

ಮಾಸ್ತರರು ಜೇಬಿನಿಂದ ಸ್ಕೂಟರಿನ ಕೀಲಿಕೈ ತೆಗೆದು ಚಹಾದ ಬಸಿಯೊಳಗಿಟ್ಟರು. ಆಮೇಲೆ ಒಂದು ಹಿಡಿ ಒಣದ್ರಾಕ್ಷಿ ತೆಗೆದುಕೊಂಡು, ಕುಂಬಿಯನ್ನು ಕೈಯಿಂದ ತಡವುತ್ತ, ಒಂದೊಂದಾಗಿ ಇಡತೊಡಗಿದರು. ಹಕ್ಕಿ ಸ್ವಲ್ಪ ಆಚೆ ಸರಿದು ಕುಳಿತಿತು.