ಮೇಷ್ಟ್ರು ಬೇಕೆಂದೇ ಎಡವಿದ್ದು

ದಂಡಿನಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಮೇಷ್ಟ್ರಲ್ಲ, ಡ್ರಿಲ್ ಮೇಷ್ಟ್ರು. ಹೊಸದಾಗಿ ಭರ್ತಿಯಾದವರಿಗೆ ನಿಲ್ಲುವುದು, ತಿರುಗುವುದು, ಹೆಜ್ಜೆ ಹಾಕುವುದು, ಹೀಗೆ ಅವರು ಹುಟ್ಟಿನಿಂದ ಕಲಿತುಕೊಂಡು ಬಂದದ್ದನ್ನೆಲ್ಲ ಮರೆಸಿ ಮತ್ತೆ ಮೊದಲಿನಿಂದ ಕಲಿಸುವುದು ಅವರ ಕೆಲಸ. ಎತ್ತರದ ಮೈಕಟ್ಟು, ಕಂಚಿನ ಕಂಠ. ಮೈದಾನದ ಈ ತುದಿಯಲ್ಲಿ ನಿಂತು ಒಂದು ಸಲ ಕೂಗಿದರೆ ಆ ತುದಿಯ ಲಾರಿ ಶೆಡ್ಡಿನ ತಗಡು ಅದುರುತ್ತದೆ ಎಂದು ಹುಡುಗರು ಹೇಳುತ್ತಿದ್ದರು. ಮೀಸೆ ಮಾತ್ರ ಬಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ, "ಬೆವರು ನಿಲ್ಲತ್ತೆ ಕಣಯ್ಯ, ತುರಿಕೆ" ಅಂದುಬಿಡುತ್ತಿದ್ದರು.

ಮೀಸೆ ಬಿಡದಿರುವುದಕ್ಕೆ ನಿಜವಾದ ಕಾರಣ ಅವರ ಮಂಚದ ಕೆಳಗಿನ ಟ್ರಂಕಿನಲ್ಲಿತ್ತು. ಅದರಲ್ಲಿ ಎರಡು ಉದ್ದ ಗೌನು, ಒಂದು ಹೂವಿನ ಲಂಗ, ಭುಜದವರೆಗೆ ಕೂದಲಿಳಿಯುವ ಟೋಪನ್ನು, ಎತ್ತರದ ಹಿಮ್ಮಡಿಯ ಒಂದು ಜೊತೆ ಚಪ್ಪಲಿ, ಹಳೆ ಬಿಸ್ಕತ್ತಿನ ಡಬ್ಬಿಯಲ್ಲಿ ಪೌಡರು, ತುಟಿಗೆ ಹಚ್ಚುವ ಬಣ್ಣ. ಯಾವಾಗ ಶುರುವಾಯಿತು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಬಿಡಬೇಕು ಅಂತ ಎಷ್ಟೋ ಸಲ ಎಲ್ಲವನ್ನೂ ಗಂಟು ಕಟ್ಟಿ ದೂರದ ಕಸದ ತೊಟ್ಟಿಗೆ ಎಸೆದು ಬಂದದ್ದುಂಟು. ತಿಂಗಳು ಕಳೆಯುವಷ್ಟರಲ್ಲಿ ಬೇರೆ ಊರಿನ ಅಂಗಡಿಯಲ್ಲಿ ಅಳತೆ ಹೇಳುತ್ತಾ ನಿಂತಿರುತ್ತಿದ್ದರು.

ಅವರ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. ಮದುವೆಯಾದ ಎರಡನೆಯ ವರ್ಷ ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದವಳು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಳು. ಕನ್ನಡಿಯ ಮುಂದೆ ಅವಳದೇ ಲಂಗ ಉಟ್ಟುಕೊಂಡು ಗಂಡ ನಿಂತಿದ್ದ. ಅವಳು ಕಿರುಚಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಇದನ್ನ ನಾನು ಯಾರ ಹತ್ರ ಹೇಳ್ಕೊಳ್ಲಿ?" ಎಂದಳು, ಅಷ್ಟೇ. ಆಮೇಲೆ ಒಂದಷ್ಟು ದಿನ ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಕೊನೆಗೊಮ್ಮೆ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದಳು.

"ಭಾನುವಾರ ಮಧ್ಯಾಹ್ನ ನಾನು ನಮ್ಮ ನರ್ಸ್ ಗೆಳತಿ ಮನೆಗೆ ಹೋಗ್ತೀನಿ. ದೀಪ ಹಚ್ಚೋ ಹೊತ್ತಿಗೆ ಬರ್ತೀನಿ. ಅಷ್ಟರೊಳಗೆ ಏನಿದ್ರೂ ಮುಗಿಸಿಬಿಡಿ. ನನ್ನ ಕಣ್ಣಿಗೆ ಬೀಳೋದು ಬೇಡ. ನನ್ನ ಬಟ್ಟೆ ಮುಟ್ಟೋದೂ ಬೇಡ."

ಅಂದಿನಿಂದ ಅದೇ ಏರ್ಪಾಡು. ಅವಳು ಛತ್ರಿ ಹಿಡಿದು ಹೊರಟ ಮೇಲೆ ಮೇಷ್ಟ್ರು ಕಿಟಕಿಗಳ ಪರದೆ ಎಳೆದು ಟ್ರಂಕು ತೆಗೆಯುತ್ತಿದ್ದರು. ಉಟ್ಟು ತೊಟ್ಟು ದೊಡ್ಡದೇನೂ ಮಾಡುತ್ತಿರಲಿಲ್ಲ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದು, ಗೋಡೆಯಿಂದ ಗೋಡೆಗೆ ನಡೆಯುವುದು, ಒಂದು ಲೋಟ ಟೀ ಕುಡಿಯುವುದು. ಆ ಹೊತ್ತಿನಲ್ಲಿ ಮೈಯೊಳಗಿನ ಯಾವುದೋ ಬಿಗಿ ಸಡಿಲವಾಗುತ್ತಿತ್ತು. ಮುಖ ತೊಳೆಯುವಾಗ ಮಾತ್ರ ನಾಚಿಕೆ ಒತ್ತರಿಸಿ ಬರುತ್ತಿತ್ತು. ಬಣ್ಣ ಹೋದರೂ ಇನ್ನೂ ಇದೆಯೇನೋ ಎಂದು ತುಟಿ ಉರಿಯುವವರೆಗೆ ಉಜ್ಜುತ್ತಿದ್ದರು. ಸೋಮವಾರ ಬೆಳಿಗ್ಗೆ ಮೈದಾನದಲ್ಲಿ ಅವರ ದನಿ ಬೇರೆ ದಿನಗಳಿಗಿಂತ ಗಡುಸಾಗಿರುತ್ತಿತ್ತು. "ಸೋಮವಾರ ಮೇಷ್ಟ್ರ ಮೈಮೇಲೆ ಯಾರೋ ಬರ್ತಾರೆ" ಎಂದು ಹುಡುಗರು ತಮ್ಮತಮ್ಮಲ್ಲೇ ಪಿಸುಗುಡುತ್ತಿದ್ದರು.

ಹೀಗೇ ಸಾಗುತ್ತಿದ್ದ ಬದುಕಿಗೆ ಕರ್ನಲ್ ಸಾಹೇಬರು ಕಲ್ಲು ಹಾಕಿದರು. ಪಾಪ, ಅವರಿಗೇನೂ ಗೊತ್ತಿರಲಿಲ್ಲ.

ಪಡೆಯ ವಾರ್ಷಿಕೋತ್ಸವಕ್ಕೆ ಒಂದು ನಗೆ ನಾಟಕ ಆಡಿಸಬೇಕೆಂದು ಅವರಿಗೆ ಹುಮ್ಮಸ್ಸು ಬಂದಿತ್ತು. ಮೇಷ್ಟ್ರನ್ನು ಕಚೇರಿಗೆ ಕರೆಸಿದರು.

"ಮೇಷ್ಟ್ರೇ, ಕತೆ ಕೇಳಿ. ಒಬ್ಬ ಸಿಪಾಯಿ ರಜೆಗೆ ಮನೆಗೇ ಹೋಗಲ್ಲ. ಸಿಟ್ಟಾಗಿ ಹೆಂಡ್ತಿ ಸೀದಾ ಇಲ್ಲಿಗೇ ಬಂದು ಇಡೀ ಪಲಟಣಿಗೆ ಪರೇಡ್ ಮಾಡಿಸ್ತಾಳೆ. ಗಂಡ ನಮ್ಮ ಮೆಸ್ಸಿನ ಅಡಿಗೆಯವನು, ಕಡ್ಡಿ ಥರ ಇದಾನಲ್ಲ, ಅವನು. ಹೆಂಡ್ತಿ ನೀವು."

ಮೇಷ್ಟ್ರು ಇನ್ನಷ್ಟು ನೆಟ್ಟಗೆ ನಿಂತರು. "ನನಗೆ ನಾಟಕ ಗೀಟಕ ಬರಲ್ಲ ಸರ್."

"ಬರದೇ ಇರೋದೇ ಮಜಾ ಕಣ್ರೀ. ನಿಮ್ಮಂಥ ಆಳು ಗೌನ್ ಹಾಕ್ಕೊಂಡು ಬಂದ್ರೆ ಸಾಕು, ಮಾತೇ ಬೇಡ. ಆಯ್ತಲ್ಲ?"

ಕರ್ನಲ್ ಕೇಳಿದ 'ಆಯ್ತಲ್ಲ' ಪ್ರಶ್ನೆಯಲ್ಲ. ಮೇಷ್ಟ್ರು ಸೆಲ್ಯೂಟ್ ಹೊಡೆದು ಹೊರಗೆ ಬಂದರು.

ತಾಲೀಮು ಲಾರಿ ಶೆಡ್ಡಿನಲ್ಲಿ. ಪಡೆಯ ದರ್ಜಿ ಪರದೆ ಬಟ್ಟೆಯಲ್ಲಿ ಒಂದು ಗೌನು ಹೊಲಿದು ತಂದಿದ್ದ. ಬೆನ್ನ ಹಿಂದೆ ಸಾಲಾಗಿ ಕೊಕ್ಕೆಗಳು. ಮೇಷ್ಟ್ರ ಕೈ ತಾನಾಗಿಯೇ ಬೆನ್ನಿಗೆ ಹೋಯಿತು; ಮೇಲಿನ ಕೊಕ್ಕೆ ಹಾಕಿಯೂ ಆಗಿತ್ತು. ಥಟ್ಟನೆ ಕೈ ಇಳಿಬಿಟ್ಟು, "ಏನಯ್ಯ ಇದು, ಇದನ್ನ ಹಾಕ್ಕೊಳ್ಳೋದು ಹೇಗೆ?" ಎಂದು ಗದರಿದರು. ದರ್ಜಿ ಹಿಂದೆ ನಿಂತು ಉಳಿದವನ್ನು ಹಾಕಿದ. ಮೇಲಿನ ಕೊಕ್ಕೆಯ ಬಗ್ಗೆ ಅವನೇನೂ ಹೇಳಲಿಲ್ಲ. ಅವನು ಹೇಳದೇ ಇದ್ದದ್ದೇ ಮೇಷ್ಟ್ರನ್ನು ಕೊರೆಯತೊಡಗಿತು.

ಆಮೇಲೆ ಚಪ್ಪಲಿ. ಹಿಮ್ಮಡಿ ಎತ್ತರದ್ದು. ಮನಸ್ಸು ಕೊಕ್ಕೆಯಲ್ಲೇ ಸಿಕ್ಕಿಕೊಂಡಿತ್ತೋ ಏನೋ, ಮೇಷ್ಟ್ರು ಶೆಡ್ಡಿನ ಈ ಕಡೆಯಿಂದ ಆ ಕಡೆಗೆ ನಡೆದುಬಿಟ್ಟರು. ಸಲೀಸಾಗಿ, ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು, ಪ್ರತಿ ಭಾನುವಾರ ನಡೆಯುವ ಹಾಗೆಯೇ. ತಿರುಗಿ ನೋಡಿದರೆ ಯಾರೂ ನಗುತ್ತಿರಲಿಲ್ಲ. ಅಡಿಗೆಯವನು ಬಾಯಿ ತೆರೆದು ನಿಂತಿದ್ದ.

"ಮೇಷ್ಟ್ರೇ, ಇದನ್ನ ಎಲ್ಲಿ ಕಲಿತ್ರಿ?"

ಮೇಷ್ಟ್ರು ಉತ್ತರ ಕೊಡುವ ಬದಲು ಇನ್ನೊಂದು ಹೆಜ್ಜೆ ಇಟ್ಟು ಬೇಕೆಂದೇ ಕಾಲು ತೊಡರಿಸಿಕೊಂಡು ದೊಪ್ಪನೆ ಬಿದ್ದರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ದರ್ಜಿಯೂ ನಕ್ಕ. ಮೊಣಕಾಲು ತರಚಿ ರಕ್ತ ಬಂದಿತ್ತು, ಆದರೂ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅಂದಿನಿಂದ ಅವರು ತಪ್ಪದೆ ಎಡವಿದರು. ಟೋಪನ್ನನ್ನು ಹಿಂದುಮುಂದಾಗಿ ಇಟ್ಟುಕೊಂಡರು, ತುಟಿಯ ಬಣ್ಣವನ್ನು ಗಲ್ಲಕ್ಕೆ ಬಳಿದುಕೊಂಡರು. ಚೆನ್ನಾಗಿ ಬರುವುದನ್ನು ಬಾರದವನ ಹಾಗೆ ಮಾಡುವುದು ಸುಲಭವಲ್ಲ. ಮೈದಾನದಲ್ಲಿ ಕುಂಟು ಹೆಜ್ಜೆಯವರನ್ನು ದಿನಾ ತಿದ್ದುತ್ತಿದ್ದವರು ಇಲ್ಲಿ ತಮ್ಮ ಹೆಜ್ಜೆಯನ್ನೇ ಕೆಡಿಸಿಕೊಳ್ಳುತ್ತಾ ಬಂದರು.

ವಾರ್ಷಿಕೋತ್ಸವದ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕರ್ನಲ್, ಅವರ ಪತ್ನಿ, ಅವರ ಪಕ್ಕದಲ್ಲೇ ಮೇಷ್ಟ್ರ ಹೆಂಡತಿ. ಇಂಥ ನಾಟಕವಿದೆ ಎಂದು ಮೇಷ್ಟ್ರು ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. "ಏನೋ ಒಂದು ಪಾತ್ರ" ಎಂದಿದ್ದರು.

ಪರದೆ ಸರಿದು ಮೇಷ್ಟ್ರು ಬರುತ್ತಿದ್ದಂತೆ ಕೂಗು, ಸಿಳ್ಳೆ. ಎಡವಿದರು, ಜನ ನಕ್ಕರು. ಬಿದ್ದರು, ಜನ ಇನ್ನೂ ನಕ್ಕರು. ಆ ನಗು ಹೆಂಡದ ಹಾಗೆ ತಲೆಗೇರಿತು. ಈ ಜನ ಇಷ್ಟು ನಗುತ್ತಿರುವಾಗ ತನ್ನನ್ನು ಯಾರು ತಾನೇ ಸಂಶಯಪಟ್ಟಾರು ಎನ್ನಿಸಿತು. ಇನ್ನಷ್ಟು ನಗಿಸಿದರೆ ಇನ್ನಷ್ಟು ಕ್ಷೇಮ. ಅಡಿಗೆಯವನು ತನ್ನ ಸರದಿಯ ಮಾತು ಹೇಳಿದ: "ಮಾರಾಯ್ತಿ, ನನ್ನ ಮೇಲೆ ಇಷ್ಟು ಸಿಟ್ಟು ಯಾಕೆ?" ಅದಕ್ಕೆ ಮೇಷ್ಟ್ರು ಅವನ ಕಿವಿ ಹಿಂಡಬೇಕಿತ್ತು, ಅಷ್ಟೇ. ಅದರ ಬದಲು ಜನರತ್ತ ತಿರುಗಿ ಕೀರಲು ದನಿಯಲ್ಲಿ, ನಾಟಕದಲ್ಲಿ ಇಲ್ಲದ ಮಾತು ಆಡಿಬಿಟ್ಟರು.

"ಇವ್ನು ಮನೇಲಿ ನನ್ನ ಲಂಗ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೋತಾನೆ ಸಾಹೇಬ್ರೇ. ಇದನ್ನ ನಾನು ಯಾರ ಹತ್ರ ಹೇಳ್ಕೊಳ್ಲಿ?"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕರ್ನಲ್ ಕಣ್ಣೊರೆಸಿಕೊಂಡರು. ಮಾತು ಬಾಯಿಂದ ಜಾರಿದ ಮೇಲೆ ಮೇಷ್ಟ್ರು ಮುಂದಿನ ಸಾಲು ನೋಡಿದರು. ಕರ್ನಲ್ ಪತ್ನಿ ಪಕ್ಕದಲ್ಲಿದ್ದ ಮೇಷ್ಟ್ರ ಹೆಂಡತಿಯ ತೋಳು ತಿವಿಯುತ್ತಾ ನಗುತ್ತಿದ್ದರು. ಹೆಂಡತಿಯೂ ನಗುತ್ತಿದ್ದಳು. ಸುತ್ತ ಇರುವವರೆಲ್ಲ ನಗುವಾಗ ತಾನೊಬ್ಬಳು ನಗದೆ ಕೂತರೆ ಯಾರಾದರೂ ಗಮನಿಸಿಯಾರು ಎಂದು ನಗುವ ನಗು ಅದು. ಅದನ್ನು ಗುರುತಿಸಲು ಆ ಸಭೆಯಲ್ಲಿ ಒಬ್ಬರಿಗೆ ಮಾತ್ರ ಸಾಧ್ಯವಿತ್ತು. ಉಳಿದ ಭಾಗ ಮೇಷ್ಟ್ರು ಹೇಗೆ ಆಡಿದರೋ ಅವರಿಗೇ ನೆನಪಿಲ್ಲ.

ಹೆಂಡತಿ ಮರುದಿನ ಬೆಳಿಗ್ಗೆ ಟೀ ಲೋಟ ಮುಂದಿಟ್ಟು ಎದುರಿಗೆ ಕೂತಳು.

"ರೀ, ಅದು ನನ್ನ ಮಾತು."

"ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಬರೋ ಮಾತಲ್ಲ ಅದು. ಇಷ್ಟು ವರ್ಷ ನಮ್ಮಮ್ಮನ ಹತ್ರ ಹೇಳಿಲ್ಲ, ಅಕ್ಕನ ಹತ್ರ ಹೇಳಿಲ್ಲ. ನೀವು ಊರಿಗೆಲ್ಲ ಹೇಳಿ ನಗಿಸಿದ್ರಿ."

ಮೇಷ್ಟ್ರು ತಲೆ ತಗ್ಗಿಸಿದರು. ಅವಳು ಕೇಳಿದಳು. "ಭಾನುವಾರ ನಾನು ಎಲ್ಲಿಗೆ ಹೋಗ್ತೀನಿ ಗೊತ್ತಾ ನಿಮಗೆ?"

"ನಿನ್ನ ಗೆಳತಿ ಮನೆಗೆ."

"ಅವಳಿಗೆ ಬೇರೆ ಊರಿಗೆ ವರ್ಗ ಆಗಿ ಯಾವ ಕಾಲ ಆಯ್ತು. ನೀವು ಒಂದು ದಿನಾನಾದ್ರೂ ಅವಳು ಹೇಗಿದಾಳೆ ಅಂತ ಕೇಳಿದ್ರೆ ಗೊತ್ತಾಗ್ತಿತ್ತು."

"ಮತ್ತೆ ಎಲ್ಲಿಗೆ?"

"ಬಸ್ಸು ಹತ್ತಿ ಕೊನೆ ಸ್ಟಾಪಿಗೆ ಹೋಗ್ತೀನಿ. ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ. ಬೇಗ ಬಂದ್ಬಿಟ್ರೆ ಇನ್ನೊಂದು ಸುತ್ತು. ಆ ಕಂಡಕ್ಟರು ಈಗ ಎಲ್ಲಿಗೆ ಅಂತ ಕೇಳೋದೂ ಇಲ್ಲ, ಟಿಕೆಟ್ ಹರಿದು ಕೈಲಿಡ್ತಾನೆ. ಈ ಹೆಂಗಸಿಗೆ ಮನೆಮಠ ಇಲ್ವೇನೋ ಅಂದ್ಕೊಂಡಿರ್ತಾನೆ."

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇದುವರೆಗೆ ಅವರು ನಾಚಿದ್ದೆಲ್ಲ ಟ್ರಂಕಿನ ಬಗ್ಗೆ, ತಮ್ಮ ಮೈಯ ಬಗ್ಗೆ, ಸಿಕ್ಕಿಬಿದ್ದರೆ ಕಳಚಿಹೋಗುವ ಭುಜದ ಪಟ್ಟಿಗಳ ಬಗ್ಗೆ. ಗೌನು ಉಟ್ಟು ತಾವು ನಿರುಮ್ಮಳವಾಗಿ ಟೀ ಕುಡಿಯುವಾಗ ಇವಳು ಬಿಸಿಲಲ್ಲಿ, ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು, ಹೊತ್ತು ಮುಳುಗುವುದನ್ನು ಕಾಯುತ್ತಿದ್ದಳು. ಅದು ಒಂದು ದಿನವೂ ಅವರ ತಲೆಗೆ ಹೊಳೆದಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದರು. ಆ ಮಾತು ತೀರಾ ಚಿಕ್ಕದಾಗಿ ಕಂಡಿತು. ಅವಳು ಲೋಟ ತೊಳೆದಿಟ್ಟು ಕೆಲಸಕ್ಕೆ ಹೊರಟುಹೋದಳು.

ಮೈದಾನದಲ್ಲೂ ನೆಮ್ಮದಿ ಇರಲಿಲ್ಲ. ಮೇಷ್ಟ್ರು ಬಲಕ್ಕೆ ತಿರುಗಲು ಹೇಳಿದರೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆನ್ನುವುದು. ಕ್ಯಾಂಟೀನ್ ಗೋಡೆಯಲ್ಲಿ ಇದ್ದಿಲಿನಿಂದ ಬರೆದ ಗೌನಿನ ಹೆಂಗಸು. ಅಳಿಸಿದರೆ ಮರುದಿನ ಇನ್ನೊಂದು. ಅದು ಪ್ರೀತಿಯ ತಮಾಷೆಯೇ, ವಿಷವಿರಲಿಲ್ಲ. ಆದರೆ ಪ್ರತಿ ನಗೆಯಲ್ಲೂ ಮೇಷ್ಟ್ರಿಗೆ ಮುಂದಿನ ಸಾಲಿನ ಆ ನಗು ಕಾಣುತ್ತಿತ್ತು.

ವಾರದೊಳಗೆ ಕರ್ನಲ್ ಮತ್ತೆ ಕರೆಸಿದರು. ಖುಷಿಯಲ್ಲಿದ್ದರು.

"ಮೇಷ್ಟ್ರೇ, ನಿಮ್ಮ ಹೆಸರು ಮೇಲಿನವರೆಗೂ ಹೋಗಿದೆ. ಮುಂದಿನ ತಿಂಗಳು ಜನರಲ್ ಸಾಹೇಬರು ಬರ್ತಿದ್ದಾರೆ. ಅದೇ ನಾಟಕ ಆಡೋಣ. ಆ ಲಂಗದ ಮಾತು ಇದ್ಯಲ್ಲ, ಅದು ಬೇಕೇ ಬೇಕು."

"ಮಾಡಲ್ಲ ಸರ್."

ಕರ್ನಲ್ ತಲೆಯೆತ್ತಿದರು. ಇಷ್ಟು ವರ್ಷದಲ್ಲಿ ಈ ಮನುಷ್ಯನ ಬಾಯಲ್ಲಿ 'ಇಲ್ಲ' ಕೇಳಿದ್ದು ಅವರಿಗೆ ಇದೇ ಮೊದಲು. "ಯಾಕೆ?"

ನಿಜ ನಾಲಗೆಯ ತುದಿಯವರೆಗೂ ಬಂತು. ಮೇಜಿನ ಮೇಲಿನ ಟೋಪಿ, ಕರ್ನಲರ ಎದೆಯ ಪದಕಗಳ ಸಾಲು, ಬಾಗಿಲಾಚೆ ನಿಂತ ಕಾವಲಿನವನ ಬೂಟು ಎಲ್ಲ ಕಣ್ಣಿಗೆ ಬಿದ್ದವು. ಬಂದ ಮಾತು ಹಾಗೇ ಒಳಗೆ ಹೋಯಿತು.

"ನನ್ನ ಹೆಂಡ್ತಿಗೆ ಬೇಜಾರಾಗಿದೆ ಸರ್."

"ಅರೆ, ಅವತ್ತು ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ಅವರೇ ಅಲ್ವೇನ್ರೀ?"

"ನಕ್ಕಳು ಸರ್. ಆದ್ರೂ ಬೇಜಾರಾಗಿದೆ. ನಾನು ಮಾಡಲ್ಲ. ಶಿಕ್ಷೆ ಏನಿದ್ರೂ ಕೊಡಿ."

ಕರ್ನಲ್ ಅವರನ್ನೇ ದಿಟ್ಟಿಸಿ ನೋಡಿದರು. "ಹೋಗ್ರೀ ಹೋಗಿ. ಹೆಂಡ್ತಿಗೆ ಇಷ್ಟು ಹೆದರ್ತೀರಾ ಅಂತ ಗೊತ್ತಿರ್ಲಿಲ್ಲ" ಎಂದು ನಕ್ಕು ಕೈಬೀಸಿದರು. ಅಷ್ಟಕ್ಕೇ ಮುಗಿಯಿತು. ಹೊರಗೆ ಬಂದ ಮೇಷ್ಟ್ರಿಗೆ ಗೆದ್ದೆ ಎನ್ನಿಸಲಿಲ್ಲ. ಇಲ್ಲ ಎನ್ನುವಾಗಲೂ ಅವಳ ಹಿಂದೆಯೇ ಅವಿತುಕೊಂಡಿದ್ದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದರು, ಅವಿತುಕೊಂಡದ್ದನ್ನೂ ಸೇರಿಸಿ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಹೆದರುಪುಕ್ಕ ಅಂದ್ರಾ ಸಾಹೇಬ್ರು?"

"ಹೆಚ್ಚೂಕಡಿಮೆ ಹಾಗೇ."

"ಸರಿಯಾಗೇ ಹೇಳಿದ್ದಾರೆ" ಎಂದಳು. ತುಟಿಯ ಒಂದು ಮೂಲೆ ಸ್ವಲ್ಪ ಅಲುಗಿತು. ಮೇಷ್ಟ್ರು ಕಷ್ಟಪಟ್ಟು ಮಾತು ಹೊರಡಿಸಿದರು. "ಇನ್ಮೇಲೆ ಭಾನುವಾರ ನೀನು ಎಲ್ಲಿಗೂ ಹೋಗ್ಬೇಡ. ನಾನು ಟ್ರಂಕು ತೆಗೆಯಲ್ಲ."

"ಆ ಆಣೆ ಎಲ್ಲ ಬೇಡ. ಎಷ್ಟು ಸಲ ಎಸೆದು ಬಂದಿದ್ದೀರಿ ಅಂತ ನನಗೆ ಗೊತ್ತಿಲ್ವಾ? ನಾನು ಈ ಕಡೆ ಕೋಣೇಲಿ ಇರ್ತೀನಿ. ನೀವು ಆ ಕಡೆ ಬಾಗಿಲು ಹಾಕ್ಕೊಳ್ಳಿ. ನೋಡು ಅಂತ ಮಾತ್ರ ಕೇಳ್ಬೇಡಿ. ನನ್ನ ಕೈಲಿ ಆಗಲ್ಲ. ಮುಂದೆ ಆಗತ್ತೋ ಇಲ್ವೋ, ಅದೂ ಗೊತ್ತಿಲ್ಲ."

ಭಾನುವಾರ ಅವಳು ಹಾಗೆಯೇ ಮಾಡಿದಳು. ಬಾಗಿಲ ಈಚೆ ಮೇಷ್ಟ್ರು ಗೌನು ತೊಟ್ಟು ಮಂಚದ ತುದಿಯಲ್ಲಿ ಕೂತರು. ಆಚೆ ಪಾತ್ರೆಯ ಸದ್ದು, ರೇಡಿಯೋದ ಸದ್ದು, ಅವಳ ಕೆಮ್ಮು. ಮನೆಯಲ್ಲಿ ಇನ್ನೊಬ್ಬರಿರುವಾಗ ಹೀಗೆ ಕೂತದ್ದು ಇದೇ ಮೊದಲು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಎದ್ದು ನಡೆಯಲೂ ಧೈರ್ಯವಾಗಲಿಲ್ಲ, ಹಿಮ್ಮಡಿಯ ಸದ್ದು ಅವಳಿಗೆ ಕೇಳಿಸುತ್ತದಲ್ಲ.

ಬಹಳ ಹೊತ್ತಿನ ಮೇಲೆ ಹೆಜ್ಜೆ ಸಪ್ಪಳ ಬಾಗಿಲ ಹತ್ತಿರ ಬಂದು ನಿಂತಿತು.

"ಟೀ ಬೇಕಾ?"

"ಹೂಂ" ಎಂದರು. ಬಾಗಿಲಾಚೆಗೆ ಅದು ಕೇಳಿಸಲಿಲ್ಲ.

"ಏನು?"

"ಬೇಕು."

"ಹೊರಗಡೆ ಇಟ್ಟಿರ್ತೀನಿ. ಆರಿಹೋಗತ್ತೆ, ಬೇಗ ತಗೊಳ್ಳಿ."

ಹೆಜ್ಜೆ ಅಡಿಗೆಮನೆಯತ್ತ ಹೋಯಿತು. ಮೇಷ್ಟ್ರು ಚಪ್ಪಲಿ ಕಳಚಿ ಬರಿಗಾಲಲ್ಲಿ ಬಾಗಿಲವರೆಗೆ ಹೋದರು. ಅಗುಳಿಯ ಮೇಲೆ ಕೈಯಿಟ್ಟು, ಅವಳು ನಿಜವಾಗಿಯೂ ದೂರ ಹೋದಳೇ ಎಂದು ಕಿವಿಗೊಟ್ಟು ನಿಂತರು.